ರೇಡಿಯೇಟರ್‌ಗೆ ನಲ್ಲಿ ನೀರು ಸಲ್ಲದು: ಪಂಚಾಯಿತಿಯ ಡೀಸೆಲ್ ವಾಹನಗಳಲ್ಲಿ ಕೂಲೆಂಟ್ ಪರೀಕ್ಷೆ ಮತ್ತು ನಿರ್ವಹಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯಿತಿಯ ಆಸ್ತಿ ವಹಿಯಲ್ಲಿ ಈಗ ಕಟ್ಟಡ, ನಿವೇಶನ, ಕೊಳವೆಬಾವಿಗಳ ಜೊತೆಗೆ ವಾಹನಗಳೂ ಸೇರಿಕೊಂಡಿವೆ. ಮನೆ ಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿ, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್, ಕೆಲವೆಡೆ ಪಂಪ್‌ಹೌಸ್‌ನ ಡೀಸೆಲ್ ಜನರೇಟರ್, ಇವುಗಳ ಖರೀದಿಗೆ ಸಭೆಯಲ್ಲಿ ದೀರ್ಘ ಚರ್ಚೆ ನಡೆದಿರುತ್ತದೆ. ಖರೀದಿಯ ನಂತರ ಡೀಸೆಲ್‌ಗೆ ಬಿಲ್ಲು ಬರುತ್ತದೆ, ಎಂಜಿನ್ ಆಯಿಲ್‌ಗೆ ಬಿಲ್ಲು ಬರುತ್ತದೆ, ಟೈರಿಗೆ ಬಿಲ್ಲು ಬರುತ್ತದೆ. ಬಿಲ್ಲು ಬಂದದ್ದು ಸಭೆಯ ಗಮನಕ್ಕೂ ಬರುತ್ತದೆ. ರೇಡಿಯೇಟರ್‌ಗೆ ಸುರಿಯುವ ನೀರಿಗೆ ಬಿಲ್ಲಿಲ್ಲ. ಆದಕಾರಣ ಅದು ಯಾವ ನೀರು, ಎಷ್ಟು ಸಲ ಸುರಿಯಲಾಯಿತು, ಮೊದಲಿದ್ದದ್ದು ಏಕೆ ಕಡಿಮೆಯಾಯಿತು ಎಂಬುದು ಯಾವ ವಹಿಯಲ್ಲಿಯೂ ದಾಖಲಾಗುವುದಿಲ್ಲ. ಎಂಜಿನ್ ಕೆಟ್ಟು ನಿಂತ ದಿನ ಮಾತ್ರ, ಹೆಡ್ ಇಳಿಸಿದ ಮೆಕ್ಯಾನಿಕ್‌ನ ಅಂದಾಜು ಪಟ್ಟಿಯ ರೂಪದಲ್ಲಿ, ಆ ನೀರಿನ ಬಿಲ್ಲು ಒಟ್ಟಿಗೇ ಬರುತ್ತದೆ.

ಅದರ ಹೊರೆ ಹಣಕ್ಕಷ್ಟೇ ಸೀಮಿತವಲ್ಲ. ಏಪ್ರಿಲ್ ತಿಂಗಳಿನಲ್ಲಿ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ಹದಿನೈದು ದಿನ ಗ್ಯಾರೇಜಿನಲ್ಲಿ ನಿಂತರೆ ಕೊನೆಯ ಬಡಾವಣೆಗೆ ನೀರು ತಲುಪುವುದಿಲ್ಲ. ಸ್ವಚ್ಛ ವಾಹಿನಿ ನಿಂತರೆ ಕಸ ಮತ್ತೆ ತಿಪ್ಪೆಗೂ ಚರಂಡಿಗೂ ಹೋಗುತ್ತದೆ. ವರ್ಷಗಟ್ಟಲೆ ಹೇಳಿ ರೂಢಿಸಿದ ಕಸ ವಿಂಗಡಣೆಯ ಅಭ್ಯಾಸ ಎರಡು ವಾರದಲ್ಲಿ ತಪ್ಪುತ್ತದೆ. ಇಂತಹ ನಿಲುಗಡೆಗಳಲ್ಲಿ ಹಲವನ್ನು ತಿಂಗಳಿಗೊಮ್ಮೆ ಕಾಲು ಗಂಟೆಯ ಪರೀಕ್ಷೆಯಿಂದ ಮುಂಚಿತವಾಗಿಯೇ ತಡೆಯಬಹುದೆಂಬುದನ್ನು ಸದಸ್ಯರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶ.

ಎಂಜಿನ್‌ನ ಶಾಖ ಮತ್ತು ಕೂಲೆಂಟ್‌ನ ಕೆಲಸ

ಡೀಸೆಲ್ ಎಂಜಿನ್‌ನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆ. ಇನ್ನೊಂದು ಭಾಗ ಹೊಗೆಯೊಂದಿಗೆ ಹೊರಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಸಿಲಿಂಡರ್ ಗೋಡೆಯಿಂದ ಹೀರಿಕೊಂಡು ರೇಡಿಯೇಟರ್‌ವರೆಗೆ ಹೊತ್ತೊಯ್ದು ಗಾಳಿಗೆ ಬಿಡುವ ಹೊಣೆ ಕೂಲೆಂಟ್‌ನದು. ಗಾಳಿಯಿಂದಲೇ ತಂಪಾಗುವ ಎಂಜಿನ್‌ಗಳೂ ಉಂಟು. ಐಷರ್ ಟ್ರ್ಯಾಕ್ಟರ್‌ಗಳ ಕೆಲವು ಸಣ್ಣ ಮಾದರಿಗಳು ಆ ವರ್ಗದವು, ಅವುಗಳಿಗೆ ಈ ಲೇಖನ ಅನ್ವಯಿಸುವುದಿಲ್ಲ. ರೇಡಿಯೇಟರ್ ಇರುವ ಎಲ್ಲ ವಾಹನಗಳಿಗೂ ಅನ್ವಯಿಸುತ್ತದೆ.

ಕೂಲೆಂಟ್ ಎಂದರೆ ಬಣ್ಣ ಹಾಕಿದ ನೀರೆಂಬ ಭಾವನೆ ಹಲವರಲ್ಲಿದೆ. ಅದರಲ್ಲಿ ಮೂರು ವಸ್ತುಗಳಿವೆ: ಲವಣರಹಿತ ಶುದ್ಧ ನೀರು, ಎಥಿಲೀನ್ ಗ್ಲೈಕಾಲ್ ಎಂಬ ದ್ರವ, ಮತ್ತು ಲೋಹವನ್ನು ತುಕ್ಕಿನಿಂದ ಕಾಯುವ ಸಂರಕ್ಷಕ ರಾಸಾಯನಿಕಗಳು. ಗ್ಲೈಕಾಲ್‌ನ ಪಾಲು ಸಾಮಾನ್ಯವಾಗಿ ಶೇ. 50ರ ಆಸುಪಾಸಿನಲ್ಲಿರುತ್ತದೆ. ಮೂರನೆಯ ವಸ್ತುವಿನ ಪ್ರಮಾಣ ತೀರ ಅಲ್ಪವಾದರೂ ಡೀಸೆಲ್ ಎಂಜಿನ್‌ನ ಆಯುಷ್ಯವನ್ನು ನಿರ್ಧರಿಸುವುದು ಅದೇ.

ಹಿರಿಯ ಚಾಲಕರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಗ್ಲೈಕಾಲ್ ಎಂಬುದು ನೀರು ಹೆಪ್ಪುಗಟ್ಟದಂತೆ ತಡೆಯುವ ವಸ್ತು, ಹಿಮ ಬೀಳದ ನಾಡಿಗೆ ಅದೇಕೆ ಬೇಕು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಅಸಂಬದ್ಧವೇನಲ್ಲ. ಶಾಖವನ್ನು ಹೊರುವ ಸಾಮರ್ಥ್ಯವನ್ನಷ್ಟೇ ನೋಡಿದರೆ ಬರೀ ನೀರು ಗ್ಲೈಕಾಲ್ ಮಿಶ್ರಣಕ್ಕಿಂತ ಮೇಲು ಎಂಬುದೂ ನಿಜ. ಆದರೆ ಕರ್ನಾಟಕದ ಬೇಸಿಗೆಯಲ್ಲಿ ಪ್ರಶ್ನೆ ಹೆಪ್ಪುಗಟ್ಟುವುದರದ್ದಲ್ಲ, ಕುದಿಯುವುದರದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು, ಚಿಕ್ಕಬಳ್ಳಾಪುರದಂತಹ ಸ್ಥಳಗಳಲ್ಲಿ ನೀರು 100 ಡಿಗ್ರಿಯವರೆಗೆ ಕಾಯುವುದಿಲ್ಲ. ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಅನೇಕ ಎಂಜಿನ್‌ಗಳು 80ರಿಂದ 95 ಡಿಗ್ರಿಯ ನಡುವೆ ಕೆಲಸ ಮಾಡುವಂತೆ ರೂಪುಗೊಂಡಿವೆ. ಹೀಗಿರುವಾಗ ಅಂತರ ಎಷ್ಟು ಕಿರಿದೆಂಬುದು ಸ್ಪಷ್ಟವಾಗಿದೆ.

ಈ ಅಂತರವನ್ನು ಹಿಗ್ಗಿಸುವವು ಎರಡು: ಗ್ಲೈಕಾಲ್ ಮತ್ತು ರೇಡಿಯೇಟರ್‌ನ ಒತ್ತಡದ ಮುಚ್ಚಳ. ಮುಚ್ಚಳದ ಮೇಲೆ 0.9 ಅಥವಾ 13 ಎಂಬಂತಹ ಅಂಕಿ ಅಚ್ಚಾಗಿರುವುದನ್ನು ಗಮನಿಸಬಹುದು. ಮೊದಲನೆಯದು ಬಾರ್ ಮಾನದಲ್ಲಿ, ಎರಡನೆಯದು ಪಿಎಸ್‌ಐ ಮಾನದಲ್ಲಿ ಅದು ಹಿಡಿದಿಡುವ ಒತ್ತಡ. 0.9 ಬಾರ್‌ನ ಮುಚ್ಚಳ ಸರಿಯಿದ್ದರೆ ಇದೇ ಎತ್ತರದ ಊರಿನಲ್ಲಿ ಬರೀ ನೀರೂ ಸುಮಾರು 117 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಅರ್ಧದಷ್ಟು ಗ್ಲೈಕಾಲ್ ಇರುವ ಕೂಲೆಂಟ್ 120 ಡಿಗ್ರಿಯನ್ನೂ ದಾಟಿ ತಾಳುತ್ತದೆ. ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಲೆಕ್ಕ ಮತ್ತೆ 97 ಡಿಗ್ರಿಗೇ ಇಳಿಯುತ್ತದೆ. ಕಳೆದುಹೋದ ಮುಚ್ಚಳದ ಬದಲಿಗೆ ಬಟ್ಟೆ ಸುತ್ತಿ ಬಿಗಿದ ಅಥವಾ ಬೇರೆ ವಾಹನದ ಮುಚ್ಚಳ ಕೂರಿಸಿದ ಟ್ರ್ಯಾಕ್ಟರ್‌ಗಳು ಹಳ್ಳಿಗಳಲ್ಲಿ ಅಪರೂಪವಲ್ಲ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಬಿಡಿಭಾಗ ಅದು. ಅದನ್ನು ಅಲಕ್ಷಿಸುವುದು ಸರಿಯಾದ ಉಳಿತಾಯವೆನಿಸದು.

ಕುಡಿಯುವ ನೀರು, ಎಂಜಿನ್‌ನ ನೀರು

ಇಲ್ಲಿ ಸದಸ್ಯರಿಗೆ ಪರಿಚಿತವಾದ ಒಂದು ಮಾನದಂಡವನ್ನೇ ತೆಗೆದುಕೊಳ್ಳಬಹುದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಅನುಮತಿ ಇದೆ. ಕ್ಲೋರೈಡ್ 250, ಬೇರೆ ಮೂಲ ಇಲ್ಲದಿದ್ದರೆ 1000. ಒಟ್ಟು ಕರಗಿದ ಘನವಸ್ತು, ಅಂದರೆ ಟಿಡಿಎಸ್, 500 ಮತ್ತು 2000. ಇನ್ನು ಡೀಸೆಲ್ ಎಂಜಿನ್‌ನ ಕೂಲೆಂಟ್‌ಗೆ ಬೆರೆಸುವ ನೀರಿಗೆ ಎಂಜಿನ್ ತಯಾರಕರು ವಿಧಿಸುವ ಮಿತಿಯನ್ನು ನೋಡಿದರೆ, ವ್ಯಾಪಕವಾಗಿ ಬಳಕೆಯಲ್ಲಿರುವ ಒಂದು ಮಿತಿಯಂತೆ ಗಡಸುತನ 170, ಕ್ಲೋರೈಡ್ 40, ಟಿಡಿಎಸ್ 340 ಮಿಲಿಗ್ರಾಂ ಮೀರಬಾರದು. ಮನುಷ್ಯನಿಗೆ ನಿರಾತಂಕವಾಗಿ ಕೊಡಬಹುದಾದ ನೀರನ್ನು ಎಂಜಿನ್‌ಗೆ ಕೊಡಲಾಗದು ಎಂದರೆ ವಿಚಿತ್ರವೆನಿಸಬಹುದು. ಆದರೆ ಮನುಷ್ಯನ ದೇಹ ಹೆಚ್ಚಿನ ಲವಣವನ್ನು ಹೊರಹಾಕುತ್ತದೆ. ರೇಡಿಯೇಟರ್‌ನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ.

ಎಷ್ಟು ಉಳಿಯುತ್ತದೆಂಬುದಕ್ಕೆ ಒಂದು ಸರಳ ಲೆಕ್ಕ. ಒಂದು ಟ್ರ್ಯಾಕ್ಟರ್‌ಗೆ ವಾರಕ್ಕೊಂದು ಲೀಟರಿನಂತೆ, ಲೀಟರಿಗೆ 600 ಮಿಲಿಗ್ರಾಂ ಗಡಸುತನವಿರುವ ಕೊಳವೆಬಾವಿ ನೀರನ್ನು ಸುರಿಯಲಾಗುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 52 ಲೀಟರ್. ಅದರೊಂದಿಗೆ ಒಳಹೋದ ಗಡಸು ಲವಣ 31 ಗ್ರಾಂಗೂ ಮೇಲು. ಒಂದು ಹಿಡಿ ಸುಣ್ಣದ ಪುಡಿ. ಅದು ಎಲ್ಲೆಡೆ ಸಮನಾಗಿ ಹರಡುವುದಿಲ್ಲ. ಎಲ್ಲಿ ಲೋಹ ಅತಿ ಬಿಸಿಯಾಗಿದೆಯೋ ಅಲ್ಲಿ, ಅಂದರೆ ಸಿಲಿಂಡರ್ ಹೆಡ್‌ನ ಒಳಗೆ ಮತ್ತು ಲೈನರ್‌ನ ಮೇಲ್ತುದಿಯಲ್ಲಿ, ಮೊದಲು ಕಿಟ್ಟವಾಗಿ ಹಿಡಿಯುತ್ತದೆ. ಸ್ನಾನದ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿ ಪೊರೆಯನ್ನು ಬಯಲುಸೀಮೆಯ ಪ್ರತಿ ಮನೆಯೂ ಬಲ್ಲದು. ಇದೂ ಅದೇ ವಸ್ತು. ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಈ ಕಿಟ್ಟದ ಶಾಖವಾಹಕತೆ ಇಪ್ಪತ್ತರಲ್ಲಿ ಒಂದು ಭಾಗದಷ್ಟು. ಹೀಗಾಗಿ ಮೀಟರಿನ ಮುಳ್ಳು ಸಹಜ ಸ್ಥಾನದಲ್ಲಿಯೇ ಇದ್ದರೂ ಕಿಟ್ಟದ ಹಿಂದಿನ ಲೋಹ ಮಿತಿಮೀರಿ ಕಾದು ಹೆಡ್ ಬಿರುಕು ಬಿಡುವ ಸಂಭವವಿದೆ. ಮೀಟರ್ ಅಳೆಯುವುದು ಕೂಲೆಂಟ್‌ನ ತಾಪವನ್ನೇ ಹೊರತು ಲೋಹದ ತಾಪವನ್ನಲ್ಲ.

ನೀರಿನ ಮೂಲವನ್ನು ಪರೀಕ್ಷಿಸಲು ಪಂಚಾಯಿತಿ ಹೊರಗೆ ಹೋಗಬೇಕಾಗಿಲ್ಲ. ಜಲ ಜೀವನ್ ಮಿಷನ್ ಅಡಿ, ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಎಂದು ಕರೆಯಲಾಗುವ ಯೋಜನೆಯಲ್ಲಿ, ನೀರಿನ ಗುಣಮಟ್ಟ ನೋಡಲು ಕ್ಷೇತ್ರ ಪರೀಕ್ಷಾ ಕಿಟ್‌ಗಳ ವ್ಯವಸ್ಥೆ ಇದೆ. ಅದರ ಬಳಕೆಗೆ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ತರಬೇತಿ ನೀಡುವ ಪದ್ಧತಿಯೂ ಇದೆ. ಅದೇ ಕಿಟ್‌ನಿಂದ ಗಡಸುತನ, ಕ್ಲೋರೈಡ್ ಮತ್ತು ಪಿಎಚ್ ನೋಡಿ ವಾಹನಕ್ಕೆ ಬಳಸುವ ನೀರಿನ ಯೋಗ್ಯತೆಯನ್ನು ನಿರ್ಧರಿಸಬಹುದು. ಆದರೆ ಆ ಕಿಟ್ ನೀರಿಗೆ ಮಾತ್ರ. ಬಣ್ಣ ಮತ್ತು ಗ್ಲೈಕಾಲ್ ಇರುವ ಕೂಲೆಂಟ್‌ನ ಮಾದರಿಯನ್ನು ಅದರಲ್ಲಿ ಹಾಕಿದರೆ ಬರುವ ಫಲಿತಾಂಶ ನಂಬಲರ್ಹವಲ್ಲ.

ಶುದ್ಧ ಕುಡಿಯುವ ನೀರಿನ ಘಟಕದ ನೀರಾದರೆ ಹೇಗೆ ಎಂಬ ಪ್ರಶ್ನೆ ಸಹಜ. ಘಟಕ ಸುಸ್ಥಿತಿಯಲ್ಲಿದ್ದು ಪರೀಕ್ಷೆಯಲ್ಲಿ ಮೇಲಿನ ಮಿತಿಯೊಳಗೆ ಬಂದರೆ ತುರ್ತಿಗೆ ಅಡ್ಡಿಯಿಲ್ಲ. ಅತ್ಯಂತ ಎಚ್ಚರ ಬೇಕಾದದ್ದು ಅದೇ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನ ವಿಷಯದಲ್ಲಿ. ಬೇರ್ಪಟ್ಟ ಲವಣವೆಲ್ಲ ಸಾಂದ್ರವಾಗಿರುವ ಆ ನೀರನ್ನು ಪೋಲು ಮಾಡಬಾರದೆಂದು ಡ್ರಮ್ಮಿನಲ್ಲಿ ಹಿಡಿದಿಡುವುದುಂಟು. ಕೈಗೆ ಸಮೀಪವಿದೆಯೆಂದು ಚಾಲಕರು ಅದನ್ನೇ ರೇಡಿಯೇಟರ್‌ಗೂ ಸುರಿದರೆ ಕೊಳವೆಬಾವಿ ನೀರಿಗಿಂತಲೂ ಕೆಡುಕು. ನಿಶ್ಚಿಂತೆಯ ದಾರಿಯೆಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಆಟೋ ಬಿಡಿಭಾಗಗಳ ಅಂಗಡಿಯಲ್ಲಿ ಅದು ಕ್ಯಾನ್‌ಗಳಲ್ಲಿ ದೊರೆಯುತ್ತದೆ. ಪಕ್ಕದಲ್ಲಿಯೇ ಬ್ಯಾಟರಿ ಆ್ಯಸಿಡ್‌ನ ಕ್ಯಾನ್ ಇರುವುದರಿಂದ ಚೀಟಿ ಓದಿ ಕೊಳ್ಳಬೇಕು.

ಲೈನರ್‌ನಲ್ಲಿ ಬೀಳುವ ಸೂಜಿ ರಂಧ್ರ

ಅನೇಕ ಟ್ರ್ಯಾಕ್ಟರ್‌ಗಳ ಎಂಜಿನ್‌ನಲ್ಲಿ ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಸಿಲಿಂಡರ್ ಲೈನರ್, ಬಿಡಿಯಾಗಿ ಕೂರಿಸಿದ್ದಾಗಿರುತ್ತದೆ. ಅದರ ಹೊರಮೈ ನೇರವಾಗಿ ಕೂಲೆಂಟ್‌ನಲ್ಲಿ ಮುಳುಗಿರುತ್ತದೆ. ಇದನ್ನು ವೆಟ್ ಲೈನರ್ ಎನ್ನುತ್ತಾರೆ. ಸಣ್ಣ ಟಿಪ್ಪರ್‌ಗಳಲ್ಲಿ ಸಾಮಾನ್ಯವಾಗಿ ಈ ರಚನೆ ಇರುವುದಿಲ್ಲ. ಡೀಸೆಲ್ ಉರಿದ ಪ್ರತಿ ಸಲವೂ ಪಿಸ್ಟನ್ ಲೈನರ್‌ನ ಒಂದು ಬದಿಗೆ ಬಡಿದು ಲೈನರ್ ಗಂಟೆಯಂತೆ ಕಂಪಿಸುತ್ತದೆ. ಕಂಪನದಲ್ಲಿ ಗೋಡೆ ಕ್ಷಣಕಾಲ ಕೂಲೆಂಟ್‌ನಿಂದ ಹಿಂದೆ ಸರಿದಾಗ ಅಲ್ಲಿ ಒತ್ತಡ ಕುಸಿದು ಅತಿ ಸೂಕ್ಷ್ಮವಾದ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಗೋಡೆ ಮರಳಿದಾಗ ಗುಳ್ಳೆಗಳು ಒಳಕ್ಕೆ ಕುಸಿದು ಲೋಹದ ಮೇಲೆ ಸುತ್ತಿಗೆಯ ಪೆಟ್ಟಿನಂತೆ ಬೀಳುತ್ತವೆ. ಒಂದು ಗುಳ್ಳೆಯ ಪೆಟ್ಟು ಲೆಕ್ಕಕ್ಕಿಲ್ಲ. ಗಂಟೆಗೆ ಸಾವಿರಾರು ಸಲ, ಒಂದೇ ಜಾಗದಲ್ಲಿ, ತಿಂಗಳುಗಟ್ಟಲೆ ಬಿದ್ದರೆ ದಪ್ಪ ಲೋಹದಲ್ಲಿಯೂ ಹುಳು ಕೊರೆದಂತಹ ಗುಳಿಗಳಾಗಿ ಕೊನೆಗೆ ಆರಪಾರ ಸೂಜಿ ರಂಧ್ರ ಬೀಳುತ್ತದೆ.

ಆ ರಂಧ್ರದ ಮೂಲಕ ಕೂಲೆಂಟ್ ಸಿಲಿಂಡರ್‌ನೊಳಕ್ಕೂ ಅಲ್ಲಿಂದ ಎಂಜಿನ್ ಆಯಿಲ್‌ಗೂ ಇಳಿಯುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ನೀರು ಕಡಿಮೆಯಾಗುತ್ತಿದೆ, ಸೋರಿಕೆ ಕಾಣುತ್ತಿಲ್ಲ, ಆದ್ದರಿಂದ ಇನ್ನಷ್ಟು ಸುರಿಯೋಣ ಎಂಬ ತೀರ್ಮಾನ ಹುಟ್ಟುವುದು ಇಲ್ಲಿಯೇ. ನೀರು ಬೆರೆತ ಆಯಿಲ್ ತನ್ನ ಜಿಡ್ಡುತನ ಕಳೆದುಕೊಂಡು ಬೇರಿಂಗ್‌ಗಳು ಸವೆದು ಕ್ರ್ಯಾಂಕ್‌ಶಾಫ್ಟ್ ಕಚ್ಚಿಕೊಂಡಾಗ ಎಂಜಿನ್ ಸೀಜ್ ಆಯಿತೆನ್ನುತ್ತಾರೆ. ದೋಷವನ್ನು ಆಯಿಲ್‌ನ ಮೇಲೆಯೋ ಚಾಲಕರ ಮೇಲೆಯೋ ಹೊರಿಸಲಾಗುತ್ತದೆ.

ಗುಳ್ಳೆಗಳನ್ನು ಪೂರ್ತಿ ತಡೆಯಲು ಸಾಧ್ಯವಿಲ್ಲ. ಡೀಸೆಲ್ ಎಂಜಿನ್‌ಗೆಂದೇ ತಯಾರಾದ ಕೂಲೆಂಟ್‌ನಲ್ಲಿರುವ ಸಂರಕ್ಷಕ ರಾಸಾಯನಿಕಗಳು, ಮುಖ್ಯವಾಗಿ ನೈಟ್ರೈಟ್ ಅಥವಾ ಅದಕ್ಕೆ ಬದಲಿಯಾದ ಸಾವಯವ ಆಮ್ಲದ ಸಂಯುಕ್ತಗಳು, ಲೈನರ್‌ನ ಹೊರಮೈಯಲ್ಲಿ ತೆಳುವಾದ ರಕ್ಷಾಪೊರೆಯನ್ನು ಕಟ್ಟುತ್ತವೆ. ಪೆಟ್ಟು ಪೊರೆಗೆ ಬೀಳುತ್ತದೆ, ಪೊರೆ ಹರಿದ ಕಡೆ ಮತ್ತೆ ಕಟ್ಟಿಕೊಳ್ಳುತ್ತದೆ. ಹೀಗೆ ಕಟ್ಟುತ್ತ ಕಟ್ಟುತ್ತ ರಾಸಾಯನಿಕ ಖರ್ಚಾಗಿ ಮುಗಿಯುವುದರಿಂದಲೇ ಕೂಲೆಂಟ್‌ಗೆ ಆಯುಷ್ಯವಿದೆ. ಬರೀ ನೀರಿನಲ್ಲಿ ಈ ಪೊರೆಯ ಪ್ರಶ್ನೆಯೇ ಇಲ್ಲ.

ಪರೀಕ್ಷೆಗಳು

ಎಲ್ಲ ಪರೀಕ್ಷೆಗಳೂ ಎಂಜಿನ್ ಪೂರ್ಣ ತಣ್ಣಗಿರುವಾಗ, ಬೆಳಗಿನ ಸುತ್ತಿಗೆ ಹೊರಡುವ ಮುನ್ನ ನಡೆಯಬೇಕು. ಬಿಸಿ ಎಂಜಿನ್‌ನ ಮುಚ್ಚಳ ತೆರೆದರೆ ಒತ್ತಡ ಒಮ್ಮೆಲೇ ಇಳಿದು ಕೂಲೆಂಟ್ ಕುದಿಯುತ್ತ ಮುಖ ಮತ್ತು ಕೈಗೆ ಚಿಮ್ಮುತ್ತದೆ. ಸ್ವಚ್ಛ ವಾಹಿನಿಯ ಚಾಲನೆಯನ್ನು ಹಲವು ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರು ವಹಿಸಿಕೊಂಡಿದ್ದಾರೆ. ಅವರಿಗೆ ಚಾಲನಾ ತರಬೇತಿ ಕೊಡಿಸುವಾಗ ಈ ಒಂದು ವಿಷಯವನ್ನು ಬಾಯಿಮಾತಿನಲ್ಲಿ ಬಿಡದೆ ಮಾಡಿಯೇ ತೋರಿಸುವುದು ಅವಶ್ಯ.

ಮೊದಲನೆಯದು ಕಣ್ಣಿನ ಪರೀಕ್ಷೆ. ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ಎಂಬುದನ್ನು ಪ್ರತಿದಿನ ನೋಡಬೇಕು. ತಿಂಗಳಿಗೊಮ್ಮೆ ರೇಡಿಯೇಟರ್‌ನಿಂದಲೇ ಸ್ವಲ್ಪ ಕೂಲೆಂಟ್ ಅನ್ನು ಗಾಜಿನ ಲೋಟಕ್ಕೆ ತೆಗೆದು ಬೆಳಕಿಗೆ ಹಿಡಿದು ನೋಡಬೇಕು. ಬಾಟಲಿಯಲ್ಲಿ ಇರುವುದು ಎಂಜಿನ್‌ನ ಒಳಗೆ ಸುತ್ತುವ ದ್ರವವನ್ನು ಪೂರ್ತಿ ಪ್ರತಿನಿಧಿಸುವುದಿಲ್ಲ. ಕೆಂಪು ಮಣ್ಣಿನ ಬಣ್ಣ ತುಕ್ಕಿನ ಸೂಚನೆ. ಮೇಲೆ ಎಣ್ಣೆಯ ಪೊರೆ ಕಂಡರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಸೋರುತ್ತಿರಬಹುದು. ಗಂಜಿಯಂತೆ ಗಟ್ಟಿಯಾಗಿದ್ದರೆ ಬೇರೆ ಬೇರೆ ಜಾತಿಯ ಕೂಲೆಂಟ್‌ಗಳನ್ನು ಬೆರೆಸಿರುವ ಸಂಭವ ಹೆಚ್ಚು. ಇದೇ ಹೊತ್ತಿಗೆ ಆಯಿಲ್‌ನ ಅಳತೆ ಕಡ್ಡಿಯನ್ನೂ ಹೊರತೆಗೆದು ನೋಡಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅಥವಾ ಸುರಿಯದೆಯೇ ಅದರ ಮಟ್ಟ ಏರಿದ್ದರೆ ವಾಹನವನ್ನು ಒಂದು ಮೀಟರ್ ಕೂಡ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸುವುದು ಯುಕ್ತ.

ಎರಡನೆಯದು ಗ್ಲೈಕಾಲ್‌ನ ಪಾಲಿನ ಪರೀಕ್ಷೆ. ರಿಫ್ರ್ಯಾಕ್ಟೋಮೀಟರ್ ಎಂಬ ಅಂಗೈಯಗಲದ ಉಪಕರಣದ ಗಾಜಿನ ಮೇಲೆ ಎರಡು ಹನಿ ಕೂಲೆಂಟ್ ಹಾಕಿ ಬೆಳಕಿನೆಡೆಗೆ ಹಿಡಿದು ಕಣ್ಣಿಟ್ಟರೆ ಒಳಗಿನ ಮಾಪಕದ ಮೇಲೆ ನೀಲಿ ಮತ್ತು ಬಿಳಿಯ ಗಡಿರೇಖೆ ಕಾಣುತ್ತದೆ. ಮಾಪಕದಲ್ಲಿ ಬರೆದಿರುವುದು ಹೆಪ್ಪುಗಟ್ಟುವ ತಾಪ. ಈ ನಾಡಿಗೆ ಆ ತಾಪದಿಂದ ಪ್ರಯೋಜನವಿಲ್ಲದಿದ್ದರೂ ಅದರಿಂದ ಗ್ಲೈಕಾಲ್‌ನ ಪಾಲು ತಿಳಿಯುತ್ತದೆ: ಮೈನಸ್ 37 ಡಿಗ್ರಿ ಎಂದರೆ ಸುಮಾರು ಅರ್ಧ, ಮೈನಸ್ 24 ಎಂದರೆ ಶೇ. 40ರಷ್ಟು, ಮೈನಸ್ 18 ಎಂದರೆ ಮೂರನೆಯ ಒಂದು ಭಾಗ. ಪ್ರತಿ ಸಲವೂ ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆ ತೋರಿಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹಲವು ಮಾದರಿಗಳಲ್ಲಿ ಬ್ಯಾಟರಿ ಆ್ಯಸಿಡ್‌ನ ಸಾಂದ್ರತೆಯ ಮಾಪಕವೂ ಜೊತೆಗಿರುವುದರಿಂದ ಒಂದೇ ಖರೀದಿಯಲ್ಲಿ ಎರಡು ಉಪಯೋಗವಾಗುತ್ತದೆ. ಅಕ್ಕಪಕ್ಕದ ನಾಲ್ಕಾರು ಪಂಚಾಯಿತಿಗಳು ಸೇರಿ ಒಂದನ್ನು ಇಟ್ಟುಕೊಂಡರೂ ಸಾಕು.

ಪಾಲು ಕಡಿಮೆಯಿದ್ದರೆ ಎಷ್ಟು ಸೇರಿಸಬೇಕೆಂಬುದೂ ಲೆಕ್ಕದ ಮಾತೇ. ಒಟ್ಟು 10 ಲೀಟರ್ ಹಿಡಿಯುವ ವ್ಯವಸ್ಥೆಯಲ್ಲಿ ಗ್ಲೈಕಾಲ್ ಶೇ. 30 ಇದ್ದು ಅದನ್ನು 50ಕ್ಕೆ ತರಬೇಕಾದರೆ, ಹಳೆಯದರಲ್ಲಿ ಸುಮಾರು 2.9 ಲೀಟರ್ ಹೊರತೆಗೆದು ಅಷ್ಟೇ ಸಾಂದ್ರ ಕೂಲೆಂಟ್ ಸುರಿಯಬೇಕಾಗುತ್ತದೆ. ಪಾಲು ಇಷ್ಟು ಇಳಿಯಲು ಬಹುಕಾಲ ಬೇಕಿಲ್ಲ. ಸೋರಿಕೆಯಿರುವ ವಾಹನಕ್ಕೆ ಪ್ರತಿ ಸಲ ಒಂದು ಲೀಟರ್ ಬರೀ ನೀರು ಸೇರಿಸುತ್ತ ಹೋದರೆ 50 ಇದ್ದದ್ದು 45, ಅನಂತರ 40 ಎಂದು ಇಳಿದು ಐದನೆಯ ಸಲಕ್ಕೆ 30ರ ಕೆಳಗೆ ಬಂದಿರುತ್ತದೆ. ಗ್ಲೈಕಾಲ್‌ನೊಂದಿಗೆ ಸಂರಕ್ಷಕ ರಾಸಾಯನಿಕಗಳೂ ಅದೇ ಪ್ರಮಾಣದಲ್ಲಿ ತೆಳುವಾಗಿರುತ್ತವೆ. ಹಾಗೆಂದು ನೀರಿಲ್ಲದ ಬರೀ ಸಾಂದ್ರವನ್ನೇ ತುಂಬುವುದೂ ತಪ್ಪು; ಅದು ಶಾಖವನ್ನು ಸರಿಯಾಗಿ ಹೊರುವುದಿಲ್ಲ. ಶೇ. 60ನ್ನು ಮೀರಬಾರದು.

ಮೂರನೆಯದು ಪಟ್ಟಿ ಪರೀಕ್ಷೆ. ಕೂಲೆಂಟ್‌ಗೆಂದೇ ದೊರೆಯುವ ಕಾಗದದ ಪಟ್ಟಿಯನ್ನು ಅದ್ದಿ, ಡಬ್ಬಿಯ ಮೇಲೆ ಹೇಳಿದಷ್ಟೇ ಸೆಕೆಂಡು ಕಾದು, ಬಣ್ಣವನ್ನು ಹಗಲು ಬೆಳಕಿನಲ್ಲಿ ಹೋಲಿಸಬೇಕು. ಪಿಎಚ್ 7.5ರ ಕೆಳಗಿದ್ದರೆ ಕೂಲೆಂಟ್ ಆಮ್ಲೀಯವಾಗುವ ಹಾದಿಯಲ್ಲಿದೆ, ಅದನ್ನು ಬದಲಿಸುವುದೇ ಸರಿ. ನೈಟ್ರೈಟ್ ಕಡಿಮೆ ತೋರಿಸಿದರೆ ಲೈನರ್‌ನ ರಕ್ಷಣೆ ಕ್ಷೀಣಿಸಿದೆ ಎಂದರ್ಥ. ಆದರೆ ನೈಟ್ರೈಟ್ ಇಲ್ಲದೆಯೇ ತಯಾರಾದ ಕೂಲೆಂಟ್‌ಗಳೂ ಇವೆ. ಅವುಗಳಲ್ಲಿ ಪಟ್ಟಿ ಸೊನ್ನೆ ತೋರಿಸುವುದು ದೋಷವಲ್ಲ. ಹೀಗಾಗಿ ವಾಹನದಲ್ಲಿ ಯಾವ ಜಾತಿಯ ಕೂಲೆಂಟ್ ಇದೆಯೆಂದು ತಿಳಿಯದೆ ಪಟ್ಟಿಯನ್ನು ಓದುವುದು ವ್ಯರ್ಥ. ನೈಟ್ರೈಟ್ ಕಡಿಮೆಯಿದೆಯೆಂದು ಪೂರಕ ರಾಸಾಯನಿಕವನ್ನು ಅಂದಾಜಿನಿಂದ ಸುರಿಯುವುದು ಇನ್ನೊಂದು ಅತಿರೇಕ. ಹೆಚ್ಚಾದದ್ದು ಹರಳುಗಟ್ಟಿ ರೇಡಿಯೇಟರ್‌ನ ಸಣ್ಣ ನಾಳಗಳನ್ನು ಮುಚ್ಚುತ್ತದೆ.

ಇವುಗಳ ಜೊತೆಗೆ ಒಂದು ಸುಲಭ ಪರೀಕ್ಷೆಯುಂಟು. ತಣ್ಣನೆಯ ಎಂಜಿನ್‌ನ ಮುಚ್ಚಳ ತೆರೆದು, ರೇಡಿಯೇಟರ್ ತುಂಬಿಸಿ, ಎಂಜಿನ್ ಚಾಲೂ ಮಾಡಿ ಒಂದೆರಡು ನಿಮಿಷ ನೋಡಬೇಕು. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ, ವೇಗ ಹೆಚ್ಚಿಸಿದಾಗ ಅವೂ ಹೆಚ್ಚಾದರೆ, ಉರಿಯುವ ಅನಿಲ ಹೆಡ್ ಗ್ಯಾಸ್ಕೆಟ್‌ನ ಮೂಲಕ ಕೂಲೆಂಟ್‌ಗೆ ನುಗ್ಗುತ್ತಿರುವ ಶಂಕೆಗೆ ಆಸ್ಪದವಿದೆ.

ಬದಲಾವಣೆ ಮತ್ತು ಕೆಲವು ರೂಢಿಗಳು

ಹಳೆಯ ಬಗೆಯ ಕೂಲೆಂಟ್‌ಗೆ ಸಾಮಾನ್ಯವಾಗಿ ಎರಡು ವರ್ಷ, ಸಾವಯವ ಆಮ್ಲದ ಬಗೆಯದಕ್ಕೆ ಐದು ವರ್ಷದ ಆಸುಪಾಸು ಆಯುಷ್ಯವೆಂದು ಹೇಳಲಾಗುತ್ತದೆ; ಅಂತಿಮ ಮಾತು ಆಯಾ ವಾಹನದ ಕೈಪಿಡಿಯದು. ಹಸಿರು, ಕೆಂಪು, ನೀಲಿ ಎಂಬ ಬಣ್ಣಗಳು ಜಾತಿಯನ್ನು ಖಚಿತವಾಗಿ ಹೇಳುವುದಿಲ್ಲ, ಏಕೆಂದರೆ ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಬಣ್ಣ ಒಂದೇ ಎಂದು ಬೆರೆಸುವುದೂ, ಬಣ್ಣ ಹೇಳಿ ಅಂಗಡಿಯಲ್ಲಿ ಕೊಳ್ಳುವುದೂ ತರವಲ್ಲ. ಡಬ್ಬದ ಮೇಲೆ ಐಎಸ್ 5759 ಅಥವಾ ವಾಹನದ ಕೈಪಿಡಿ ಸೂಚಿಸಿದ ಮಾನಕ ಇದೆಯೇ, ಅದು ನೇರವಾಗಿ ಸುರಿಯುವ ಸಿದ್ಧ ಮಿಶ್ರಣವೇ ಅಥವಾ ನೀರು ಬೆರೆಸಬೇಕಾದ ಸಾಂದ್ರವೇ ಎಂಬುದನ್ನು ನೋಡಬೇಕು.

ಬದಲಿಸುವಾಗ ರೇಡಿಯೇಟರ್‌ನ ಕೆಳಗಿನ ನಲ್ಲಿಯನ್ನಷ್ಟೇ ಬಿಡದೆ ಎಂಜಿನ್ ಬ್ಲಾಕ್‌ನ ತಿರುಪನ್ನೂ ಬಿಚ್ಚಿ ಪೂರ್ತಿ ಇಳಿಸಬೇಕು. ಇಲ್ಲವಾದರೆ ಹಳೆಯದರಲ್ಲಿ ಗಣನೀಯ ಭಾಗ ಒಳಗೇ ಉಳಿಯುತ್ತದೆ. ಕಿಟ್ಟ ಬಿಡಿಸಲು ಶೌಚಾಲಯ ತೊಳೆಯುವ ಆ್ಯಸಿಡ್ ಅಥವಾ ವಾಷಿಂಗ್ ಸೋಡಾ ಬಳಸುವ ರೂಢಿ ಕೆಲವೆಡೆ ಇದೆ. ಇಂದಿನ ಅನೇಕ ರೇಡಿಯೇಟರ್‌ಗಳು ಅಲ್ಯುಮಿನಿಯಂನವು. ಅಲ್ಯುಮಿನಿಯಂ ಅನ್ನು ಎರಡೂ ತಿನ್ನುತ್ತವೆ.

ಎಂಜಿನ್ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಅನ್ನೇ ತೆಗೆದುಹಾಕುವ ರೂಢಿಯೂ ಇದೆ. ಮೂಲ ಕಾರಣವನ್ನು ಹುಡುಕುವ ಶ್ರಮ ಉಳಿಯುವುದರಿಂದ ಇದು ಜನಪ್ರಿಯ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾದ ತಾಪಕ್ಕೆ ಏರಲು ಬಹಳ ಹೊತ್ತು ಹಿಡಿದು ಡೀಸೆಲ್ ಪೂರ್ತಿ ಉರಿಯದೆ ಖರ್ಚು ಮತ್ತು ಸವೆತ ಎರಡೂ ಹೆಚ್ಚುತ್ತವೆ. ಕೆಲವು ಎಂಜಿನ್‌ಗಳಲ್ಲಿ ಅದನ್ನು ತೆಗೆದರೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲಿಯೇ ಸುತ್ತುವುದರಿಂದ ಬಿಸಿ ಇನ್ನಷ್ಟು ಏರುವುದೂ ಉಂಟು.

ಬಿಸಿಯಾದ ಎಂಜಿನ್‌ನ ಎಲ್ಲ ದೋಷವೂ ಕೂಲೆಂಟ್‌ನದಲ್ಲ. ರಾಗಿ, ಭತ್ತದ ಒಕ್ಕಣೆಯ ಕಾಲದಲ್ಲಿ ಹೊಟ್ಟು ಮತ್ತು ಧೂಳು ರೇಡಿಯೇಟರ್‌ನ ರೆಕ್ಕೆಗಳ ನಡುವೆ ತುಂಬಿ ಗಾಳಿಯೇ ಹಾಯುವುದಿಲ್ಲ. ಫ್ಯಾನಿನ ಕಡೆಯಿಂದ ಹೊರಮುಖವಾಗಿ, ಕಡಿಮೆ ಒತ್ತಡದ ಗಾಳಿ ಹಾಯಿಸಿ ಸ್ವಚ್ಛಗೊಳಿಸಬೇಕು. ಫ್ಯಾನ್ ಬೆಲ್ಟ್‌ನ ಬಿಗಿಯನ್ನೂ ಅದೇ ಹೊತ್ತಿಗೆ ನೋಡಬಹುದು.

ದಾರಿಯಲ್ಲಿ ಮುಳ್ಳು ಕೆಂಪು ಭಾಗಕ್ಕೆ ಏರಿದರೆ ಹೊರೆ ತಗ್ಗಿಸಿ, ವಾಹನವನ್ನು ಬದಿಗೆ ನಿಲ್ಲಿಸಿ, ಕೂಲೆಂಟ್ ಇನ್ನೂ ಇದ್ದರೆ ಎಂಜಿನ್ ಅನ್ನು ಸ್ವಲ್ಪ ಹೊತ್ತು ನಿಧಾನ ವೇಗದಲ್ಲಿ ಓಡಿಸಬಹುದು. ಕೂಲೆಂಟ್ ಹರಿದುಹೋಗಿದ್ದರೆ ಅಥವಾ ಮುಳ್ಳು ಏರುತ್ತಲೇ ಇದ್ದರೆ ತಕ್ಷಣ ಆರಿಸಬೇಕು. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಎರಕದ ಲೋಹ ಬಿರಿಯುತ್ತದೆ. ಮುಚ್ಚಳವನ್ನು ಕೈಯಿಂದ ಮುಟ್ಟಲು ಆಗುವಷ್ಟು ತಣಿಯುವವರೆಗೆ ಕಾಯುವುದಲ್ಲದೆ ಅನ್ಯ ಮಾರ್ಗವಿಲ್ಲ. ಆ ದಿನದ ಕಸ ಒಂದು ಗಂಟೆ ತಡವಾದರೆ ಚಾಲಕರನ್ನು ಪ್ರಶ್ನಿಸಬಾರದು.

ವಹಿ ಮತ್ತು ನಿರ್ಣಯ

ಪ್ರತಿ ವಾಹನದ ಲಾಗ್ ಪುಸ್ತಕದಲ್ಲಿ ಕೂಲೆಂಟ್‌ಗೆಂದು ಒಂದು ಪುಟ ಮೀಸಲಿಟ್ಟರೆ ಸಾಕಾಗುತ್ತದೆ. ಯಾವ ಮಾನಕದ ಕೂಲೆಂಟ್, ತುಂಬಿದ ದಿನಾಂಕ, ಎಂಜಿನ್ ಓಡಿದ ಗಂಟೆ ಅಥವಾ ಕಿಲೋಮೀಟರ್, ತಿಂಗಳ ಪರೀಕ್ಷೆಯ ಮೂರು ಫಲಿತಾಂಶ, ಮತ್ತು ಪ್ರತಿ ಸಲ ಸೇರಿಸಿದ ಪ್ರಮಾಣ. ಈ ಕೊನೆಯ ಅಂಕಣವೇ ಅತಿ ಮುಖ್ಯ. ತಿಂಗಳಿಗೆ ಕಾಲು ಲೀಟರ್ ಹಿಡಿಯುತ್ತಿದ್ದ ವಾಹನ ಒಮ್ಮೆಲೇ ಎರಡು ಲೀಟರ್ ಹಿಡಿದರೆ, ಹೊರಗೆ ಸೋರಿಕೆ ಕಾಣದಿದ್ದರೂ ಒಳಗೆ ಎಲ್ಲಿಗೋ ಹೋಗುತ್ತಿದೆ ಎಂಬುದನ್ನು ಆ ಒಂದು ಅಂಕಿ ಹೇಳುತ್ತದೆ. ಆ ಹಂತದಲ್ಲಿ ದೊರೆತರೆ ಗ್ಯಾಸ್ಕೆಟ್‌ನಲ್ಲಿ ಮುಗಿಯಬಹುದಾದ ದುರಸ್ತಿ, ಎರಡು ತಿಂಗಳು ಕಳೆದರೆ ಪೂರ್ಣ ಎಂಜಿನ್‌ಗೆ ಬೆಳೆಯುತ್ತದೆ.

ಪ್ರತಿ ವಾಹನಕ್ಕೂ ಕೈಪಿಡಿಯಂತೆ ಕೂಲೆಂಟ್‌ನ ಮಾನಕವನ್ನು ನಿಗದಿಪಡಿಸಿ ಸಾಮಾನ್ಯ ಸಭೆಯಲ್ಲಿ ಒಮ್ಮೆ ನಿರ್ಣಯಿಸಿದರೆ ಖರೀದಿಯಲ್ಲಿ ಗೊಂದಲ ಉಂಟಾಗುವುದಿಲ್ಲ. ವಾರ್ಷಿಕ ನಿರ್ವಹಣಾ ಅಂದಾಜಿನಲ್ಲಿ ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಮತ್ತು ಪರೀಕ್ಷಾ ಪಟ್ಟಿಗಳನ್ನು ಪ್ರತ್ಯೇಕವಾಗಿ ತೋರಿಸುವುದು ಒಳ್ಳೆಯದು. ಇತರೆ ವೆಚ್ಚದಲ್ಲಿ ಸೇರಿಸಿದರೆ ಅದು ಬರಬೇಕಾದಾಗ ಬರುವುದಿಲ್ಲ. ಖಾತರಿ ಅವಧಿಯೊಳಗಿನ ವಾಹನಕ್ಕೆ ಸೂಚಿತವಲ್ಲದ ದ್ರವ ಹಾಕಿದ್ದರೆ ಉಚಿತ ದುರಸ್ತಿಯನ್ನು ನಿರಾಕರಿಸಲು ತಯಾರಕರಿಗೆ ಆಸ್ಪದವಾಗುತ್ತದೆ ಎಂಬುದನ್ನೂ ಗಮನಿಸಬೇಕು. ಬಾಡಿಗೆ ಟ್ರ್ಯಾಕ್ಟರ್‌ನ ಎಂಜಿನ್ ಮಾಲೀಕರ ಹೊಣೆಯೇ ಆದರೂ ಅದು ನಿಂತಾಗ ನೀರಿಲ್ಲದಾಗುವುದು ಊರಿಗೆ. ಕರಾರಿನಲ್ಲಿ ಬದಲಿ ವಾಹನದ ಷರತ್ತನ್ನು ಸೇರಿಸುವುದು ಸೂಕ್ತ.

ಹೊರತೆಗೆದ ಕೂಲೆಂಟ್‌ನ ವಿಲೇವಾರಿ

ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾಗಿರುವುದೇ ಅದರ ಅಪಾಯ. ನಾಯಿ, ಕರು, ಕುರಿಗಳು ನೆಲದ ಮೇಲೆ ಚೆಲ್ಲಿದ್ದನ್ನು ನೆಕ್ಕುತ್ತವೆ. ಸಣ್ಣ ಮಕ್ಕಳಿಗೆ ಬಣ್ಣದ ಪಾನಕದಂತೆ ಕಾಣುತ್ತದೆ. ಸುಮಾರು 100 ಮಿಲಿಲೀಟರ್ ಸಾಂದ್ರ ದ್ರವ ವಯಸ್ಕರ ಪ್ರಾಣಕ್ಕೂ ಸಂಚಕಾರ ತರಬಲ್ಲದು. ಮಕ್ಕಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಮೊದಲಿಗೆ ಅಮಲೇರಿದಂತೆ ಕಂಡು, ಗಂಟೆಗಳ ನಂತರ ಮೂತ್ರಪಿಂಡಗಳು ಕೆಡುತ್ತವೆ. ಯಾರಾದರೂ ಕುಡಿದಿರುವ ಶಂಕೆ ಬಂದರೂ ಲಕ್ಷಣಕ್ಕೆ ಕಾಯದೆ, ಡಬ್ಬವನ್ನೂ ಜೊತೆಗೆ ಒಯ್ದು ಆಸ್ಪತ್ರೆಗೆ ಸೇರಿಸಬೇಕು. ಸಕಾಲದಲ್ಲಿ ದೊರೆತರೆ ಇದಕ್ಕೆ ಚಿಕಿತ್ಸೆಯಿದೆ.

ಆದ್ದರಿಂದ ಹಳೆಯ ಕೂಲೆಂಟ್ ಅನ್ನು ಚರಂಡಿಗೆ, ಕೆರೆಯಂಗಳಕ್ಕೆ, ಕೊಳವೆಬಾವಿಯ ಸುತ್ತಮುತ್ತ ಸುರಿಯುವಂತಿಲ್ಲ. ಅಗಲ ಬಾಯಿಯ ತಟ್ಟೆಯಲ್ಲಿ ಹಿಡಿದು, ಗುರುತು ಬರೆದ ಮುಚ್ಚಳವುಳ್ಳ ಕ್ಯಾನ್‌ನಲ್ಲಿ ತುಂಬಿ, ಸರ್ವಿಸ್ ಕೇಂದ್ರದ ಮೂಲಕ ಹಳೆಯ ಆಯಿಲ್‌ನೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಹಿಂದಿರುಗಿಸಬೇಕು. ಹೊಸ ಕೂಲೆಂಟ್ ಅನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಬಗ್ಗಿಸಿಡಬಾರದು. ಖಾಲಿಯಾದ ಡಬ್ಬ ಗಟ್ಟಿಯಾಗಿ, ನೋಡಲು ಚೆನ್ನಾಗಿ ಇರುವುದರಿಂದ ಮಜ್ಜಿಗೆಗೋ ಹೊಲಕ್ಕೆ ನೀರು ಒಯ್ಯಲೋ ಮನೆಗೆ ಹೋಗುತ್ತದೆ. ಹಾಗಾಗದಂತೆ ಅದರ ಬುಡಕ್ಕೆ ತೂತು ಮಾಡಿಯೇ ಒಣಕಸದ ಘಟಕಕ್ಕೆ ಕಳುಹಿಸಬೇಕು.